ಅರ್ಧ ಡಾಕ್ಟರ ಜಲಾನಯನ

'ಗೊತ್ತಿಲ್ಲ' ಎಂಬ ಮಾತು ಅರ್ಧ ಡಾಕ್ಟರ ಬಾಯಿಂದ ಬಿದ್ದದ್ದನ್ನು ಕೇಳಿದವರು ಮೇಲಿನ ಬೀದಿಯಲ್ಲಿ ಯಾರೂ ಇಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೂ ಥಟ್ಟನೆ ಹೇಳಿಬಿಡುತ್ತಿದ್ದರು. ಬಸ್ಸು ಆ ಹೊತ್ತಿಗೆ ಬರುತ್ತಿರಲಿಲ್ಲ, ಅದು ಬಸ್ಸಿನ ತಪ್ಪು. ಅವರದು ಕನ್ನಡಕದ ಅಂಗಡಿ. ಆಸ್ಪತ್ರೆಯವರು ಬರೆದುಕೊಟ್ಟ ನಂಬರಿಗೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲಾದ ಸ್ಕ್ರೂ ಬಿಗಿ ಮಾಡುವುದು, ಮೂಗಿನ ಮೇಲೆ ನಿಲ್ಲದ್ದನ್ನು ನಿಲ್ಲುವಂತೆ ಮಾಡುವುದು, ಇಷ್ಟೇ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಬೋರ್ಡಿನ ಮೇಲೆ 'ದೃಷ್ಟಿ ತಜ್ಞರು' ಎಂದು ಬರೆಸಿ, ಬಿಳಿ ಕೋಟು ತೊಟ್ಟು, ತಮ್ಮ ಕಣ್ಣು ಬಲು ಚುರುಕಾಗಿದ್ದರೂ ನಂಬರಿಲ್ಲದ ಸಾದಾ ಗಾಜಿನ ಕನ್ನಡಕ ಏರಿಸಿಕೊಂಡು ಕೂತ ಮೇಲೆ ಜನ ಏನಾದರೂ ಅನ್ನಲೇಬೇಕಲ್ಲ. ಅರ್ಧ ಡಾಕ್ಟ್ರು ಅಂದರು. ಆ ಹೆಸರಿನಲ್ಲಿ ಅವರ ಕಿವಿಗೆ ಬೀಳುತ್ತಿದ್ದದ್ದು ಹಿಂದಿನ ಅರ್ಧ ಮಾತ್ರ.

ಒಂದು ದಿನ ಪುರಸಭೆಯ ಗುಮಾಸ್ತ ಕಡ್ಡಿ ಮುರಿದ ಕನ್ನಡಕ ಹಿಡಿದು ಅಂಗಡಿಗೆ ಬಂದ. ರಿಪೇರಿ ಆಗುವವರೆಗೆ ಸ್ಟೂಲಿನ ಮೇಲೆ ಕೂತು ಸುತ್ತ ನೋಡಿದವನು ಇದ್ದಕ್ಕಿದ್ದಂತೆ ಹೇಳಿದ:

"ಸಾರ್, ನಿಮ್ಮ ಬಡಾವಣೆಗೆ ಒಂದು ಜಲಾನಯನ ಸಂರಕ್ಷಣಾ ಸಮಿತಿ ಮಾಡ್ತಾ ಇದ್ದೀವಿ. ಅಧ್ಯಕ್ಷರು ಸಿಗ್ತಾ ಇಲ್ಲ. ಬೀದಿಯೋರೆಲ್ಲ ನಿಮ್ಮ ಅಂಗಡಿಗೆ ಬಂದುಹೋಗ್ತಾರೆ. ನೀವೇ ಆಗಿಬಿಡಿ."

ಅಧ್ಯಕ್ಷ ಎಂಬ ಪದ ಕೇಳಿ ಅರ್ಧ ಡಾಕ್ಟರ ಬೆನ್ನು ನೆಟ್ಟಗಾಯಿತು. ಜಲಾನಯನ ಎಂಬ ಪದವನ್ನು ಅವರು ಹಿಂದೆ ಕೇಳಿರಲಿಲ್ಲ. ಹಾಗೆಂದು ಕೇಳಲಾದೀತೇ? ಸ್ಕ್ರೂ ತಿರುಗಿಸುತ್ತಲೇ ಪದವನ್ನು ಬಿಡಿಸಿದರು. ಜಲ ಅಂದರೆ ನೀರು, ನಯನ ಅಂದರೆ ಕಣ್ಣು. ನೀರು ಸುರಿಯುವ ಕಣ್ಣು! ಇಡೀ ಊರಿನಲ್ಲಿ ಈ ಹುದ್ದೆಗೆ ತಮ್ಮನ್ನು ಬಿಟ್ಟರೆ ಇನ್ಯಾರು? ನಡುವೆ 'ಲ' ಯಾಕೆ ದೀರ್ಘವಾಯಿತು ಎಂಬ ಸಣ್ಣ ಅನುಮಾನ ಬಂತು, ನಿಜ. ಸರ್ಕಾರದ್ದು ಎಲ್ಲವೂ ಸ್ವಲ್ಪ ಎಳೆದೇ ಇರುತ್ತದೆ ಎಂದು ಬಿಟ್ಟುಬಿಟ್ಟರು.

"ಜಲಾನಯನದ ಸಮಸ್ಯೆ ಇಲ್ಲಿ ಬಹಳ ಅಲ್ವಾ ಸಾರ್?" ಎಂದ ಗುಮಾಸ್ತ.

"ಬಹಳ ಅಂದ್ರೆ! ದಿನಾ ನೋಡ್ತೀನಲ್ಲಯ್ಯ. ಧೂಳು, ಹೊಗೆ, ಹಗಲೂ ರಾತ್ರಿ ಮೊಬೈಲು."

ಮೊಬೈಲಿಗೂ ಇದಕ್ಕೂ ಏನು ಸಂಬಂಧ ಎಂದು ಗುಮಾಸ್ತನಿಗೆ ಹೊಳೆಯಲಿಲ್ಲ. ದೊಡ್ಡವರು ದೂರದ್ದನ್ನೇ ಯೋಚಿಸುತ್ತಾರೆ ಅಂದುಕೊಂಡ. "ಬರೋ ಶನಿವಾರ ಶಿಬಿರ. ಹೊಳೆ ದಡದಲ್ಲೇ ಇಟ್ಕೊಂಡಿದ್ದೀವಿ."

"ಹೊಳೆ ದಡದಲ್ಲಾ?"

"ಮತ್ತೆ ಇನ್ನೆಲ್ಲಿ ಸಾರ್?"

"ಹೌದ್ಹೌದು. ಗಾಳಿ ಬೆಳಕು ಚೆನ್ನಾಗಿರುತ್ತೆ," ಎಂದರು ಅರ್ಧ ಡಾಕ್ಟರು. ರಿಪೇರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಧ್ಯಕ್ಷರಾದವರು ತೆಗೆದುಕೊಳ್ಳಬಾರದಲ್ಲ.

ಗುಮಾಸ್ತ ಆಚೆ ಹೋಗುತ್ತಲೂ ಅಂಗಡಿಗೆ ಬಾಗಿಲು ಎಳೆದು ಅವರು ನೇರವಾಗಿ ಓಡಿದ್ದು ಕೆಳಗಿನ ಓಣಿಯ ಅಕ್ಕನ ಮನೆಗೆ. ಓಣಿಯ ಕಟ್ಟಕಡೆಯ ಮನೆ. ಹಿತ್ತಲ ಗೋಡೆಗೆ ಒತ್ತಿಕೊಂಡೇ ಹೊಳೆ. ಅಮ್ಮ ಹೋದ ಮೇಲೆ ಇವರನ್ನು ಸಾಕಿ, ಓದಿಸಿ, ಅಂಗಡಿ ಇಟ್ಟುಕೊಟ್ಟದ್ದು ಈ ಅಕ್ಕನೇ, ಒಂದು ಹೊಲಿಗೆ ಯಂತ್ರ ತುಳಿದು. ಈಗ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದು, ಸದಾ ನೀರು ಸುರಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕೂಗುತ್ತಿದ್ದಳು. ಆಸ್ಪತ್ರೆ ಎಂದರೆ ಮಾತ್ರ "ಊಟ ಆಯ್ತೇನೋ?" ಎಂದು ಮಾತು ತಿರುಗಿಸುತ್ತಿದ್ದಳು. ಬೀದಿಗೆಲ್ಲ ಕನ್ನಡಕ ಕೊಟ್ಟ ತಮ್ಮನಿಗೆ ಒಡಹುಟ್ಟಿದವಳ ಕಣ್ಣು ದಿನದಿನಕ್ಕೆ ಮಬ್ಬಾಗುವುದನ್ನು ನೋಡಿ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಗುತ್ತಿತ್ತು.

"ಅಕ್ಕಾ, ನಾನು ಜಲಾನಯನದ ಅಧ್ಯಕ್ಷ ಆದೆ!"

ಯಂತ್ರ ನಿಂತಿತು. "ನೀನಾ? ಜಲಾನಯನಕ್ಕಾ?"

"ನಾನೇ. ಶನಿವಾರ ಶಿಬಿರ. ಇನ್ನು ನೆಪ ಹೇಳೋ ಹಾಗಿಲ್ಲ ನೀನು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮ ಇರುವ ಕಡೆ ತಿರುಗಿದಳು. ಆಕೆಗೆ ಇಷ್ಟು ಸಂತೋಷವಾಗುತ್ತದೆ ಎಂದು ಅವರು ಅಂದುಕೊಂಡಿರಲಿಲ್ಲ. "ಮೇಲಿನ ಬೀದಿಯೋರನ್ನೂ ಕರ್ಕೊಂಡು ಬರ್ತೀಯೇನೋ? ಅವ್ರು ಈ ಕಡೆ ಕಾಲೇ ಇಡಲ್ಲ."

"ಒಬ್ರನ್ನೂ ಬಿಡಲ್ಲ ಅಕ್ಕ."

"ಹಾಗಾದ್ರೆ ಅದೊಂದು ಆಗಿಹೋಗ್ಲಿ. ಅದಾದ್ರೆ ನಾನು ಕಣ್ಣು ತೋರಿಸ್ಕೋತೀನಿ. ನಿನ್ನಾಣೆ."

ನಿನ್ನಾಣೆ ಎಂದಳಲ್ಲ! ಅರ್ಧ ಡಾಕ್ಟರಿಗೆ ನೆಲ ಸಿಕ್ಕಲಿಲ್ಲ. ಮರುದಿನದಿಂದ ಮೇಲಿನ ಬೀದಿಯ ಮನೆ ಮನೆಯ ಬಾಗಿಲು ತಟ್ಟಿದರು. ಬೇಕರಿಯವನು ತನ್ನ ತಾಯಿಯನ್ನು ಕರೆತರುತ್ತೇನೆಂದ. ರಿಟೈರಾದ ಹೆಡ್‌ಮಾಸ್ತರು ಮೊದಲು ಸಂಶಯದಿಂದ, "ಜಲಾನಯನ ಅಂದ್ರೆ..." ಎಂದು ಶುರುಮಾಡಿದರು.

"ನೀವು ತಿಳಿದವರು, ನಿಮಗೆ ನಾನು ಬಿಡಿಸಿ ಹೇಳ್ಬೇಕಾ ಸಾರ್?" ಎಂದರು ಅರ್ಧ ಡಾಕ್ಟರು.

ಅಷ್ಟು ಹೇಳಿದ ಮೇಲೆ ತಿಳಿದವರು ಇನ್ನೇನು ಕೇಳುತ್ತಾರೆ? "ಅಲ್ಲವೇ ಮತ್ತೆ," ಎಂದು ಹೆಡ್‌ಮಾಸ್ತರು ತಲೆಯಾಡಿಸಿದರು. "ಎಡಗಣ್ಣು ಯಾಕೋ ತೊಂದರೆ ಕೊಡ್ತಿದೆ. ಬರ್ತೀನಿ." ಶುಕ್ರವಾರದ ಹೊತ್ತಿಗೆ ಬೀದಿಯಲ್ಲಿ ಕಣ್ಣಿದ್ದವರೆಲ್ಲ ಬರಲು ಒಪ್ಪಿದ್ದರು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಮಸುಕು ಕಾಣತೊಡಗಿತ್ತು.

ಶುಕ್ರವಾರ ಸಂಜೆ ಅಂಗಡಿಯ ಮುಂದೆ ಪುರಸಭೆಯ ಟ್ರ್ಯಾಕ್ಟರ್ ನಿಂತಿತು. ಗುಮಾಸ್ತ ಇಳಿದು, "ಅಧ್ಯಕ್ಷರೇ, ಶಿಬಿರದ ಸಾಮಾನು. ಇಳಿಸಿಕೊಳ್ಳಿ," ಎಂದ.

ಗುದ್ದಲಿ. ಹಾರೆ. ಪಿಕಾಸಿ. ಮಂಕರಿ. ಮೊಣಕಾಲುದ್ದದ ರಬ್ಬರ್ ಬೂಟುಗಳು.

ಅರ್ಧ ಡಾಕ್ಟರು ಒಂದು ಹಾರೆಯನ್ನು ಕೈಯಲ್ಲಿ ಹಿಡಿದು ಅದರ ಮೊನೆ ನೋಡಿದರು. ಕಣ್ಣಿನ ವಿಷಯದಲ್ಲಿ ಸರ್ಕಾರ ಇಷ್ಟು ದೂರ ಹೋಗಬಾರದಿತ್ತು ಅನ್ನಿಸಿತು. ಆದರೂ ಕೇಳಲಿಲ್ಲ. "ಎಲ್ಲಾ ಇದೆ ತಾನೇ?" ಎಂದು ಗುಮಾಸ್ತ ವಿಚಾರಿಸಿದಾಗ, "ಔಷಧಿ?" ಎಂದು ಮೆಲ್ಲಗೆ ತೊದಲಿದರು.

"ಔಷಧಿ ಹೊಡೆಯೋದು ಬೇಡ ಅಂದಿದ್ದಾರೆ ಎಂಜಿನಿಯರ್ ಮೇಡಂ. ಮೀನು ಸಾಯ್ತವೆ."

ಟ್ರ್ಯಾಕ್ಟರ್ ಹೊರಟುಹೋಯಿತು. ಅರ್ಧ ಡಾಕ್ಟರು ಮನೆಯೊಳಕ್ಕೆ ಓಡಿದರು. ಅವರ ಹೆಂಡತಿ ಶಾಲೆಯಲ್ಲಿ ಟೀಚರು. ಅಡುಗೆಮನೆಯ ಮೇಜಿನ ಮೇಲೆ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಳು. ಇವರು ಹೋಗಿ ಪಕ್ಕದಲ್ಲಿ ನಿಂತರು, ಕನ್ನಡಕ ತೆಗೆದು ಕೋಟಿನ ಚುಂಗಿಗೆ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಏನು ಮುರಿದು ಬಂದ್ರಿ?" ಎಂದಳು ಆಕೆ, ತಲೆ ಎತ್ತದೆ.

"ಏನಿಲ್ಲ ಕಣೇ. ಸುಮ್ನೆ ಕೇಳ್ದೆ. ಈ ಜಲಾನಯನ ಅಂದ್ರೆ ನಿಮ್ಮ ಪುಸ್ತಕದಲ್ಲಿ ಏನಂತ ಕೊಟ್ಟಿದ್ದಾರೆ?"

"ಜಲ, ಆನಯನ. ಆನಯನ ಅಂದ್ರೆ ತರೋದು. ಎತ್ತರದಲ್ಲಿ ಬಿದ್ದ ಮಳೆ ನೀರೆಲ್ಲ ಇಳಿದು ಬಂದು ಒಂದು ಹೊಳೆಗೆ ಸೇರೋ ಅಷ್ಟೂ ಜಾಗ. ಏಳನೇ ಕ್ಲಾಸಿನ ಪಾಠ. ಯಾಕೆ?"

ಅವರು ಕುರ್ಚಿಯ ಮೇಲೆ ಕುಸಿದರು. ಹೆಂಡತಿ ಪೆನ್ನು ಕೆಳಗಿಟ್ಟಳು. ಒಂದು ವಾರದಿಂದ ಗಂಡ ಬೀದಿ ಬೀದಿ ತಿರುಗಿ ಹೇಳಿದ್ದು, ಅಂಗಡಿ ಮುಂದೆ ಬಂದು ಬಿದ್ದ ಗುದ್ದಲಿಗಳು, ಈಗ ಈ ಮುಖ, ಮೂರನ್ನೂ ಸೇರಿಸಿ ನೋಡಿದಳು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದು ನಗುವೋ ಗಾಬರಿಯೋ ಅವರಿಗೆ ತಿಳಿಯಲಿಲ್ಲ.

"ನಗ್ಬೇಡವೇ! ಅಕ್ಕ ಬರ್ತಾಳೆ ನಾಳೆ. ಇಷ್ಟು ವರ್ಷಕ್ಕೆ ಒಪ್ಪಿದಾಳೆ. ಅಲ್ಲಿ ಡಾಕ್ಟರಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ಅವ್ಳು."

"ಹಾಗಾದ್ರೆ ಎಲ್ರಿಗೂ ನಿಜ ಹೇಳಿಬಿಡಿ."

ನಿಜ ಹೇಳುವುದಕ್ಕೆಂದೇ ಹೊರಟರು, ಸುಳ್ಳಲ್ಲ. ಬೇಕರಿಯವನು ಇವರ ಮುಖ ಕಂಡದ್ದೇ, "ಡಾಕ್ಟ್ರೇ, ನಾಳೆ ಬೇಕರಿಗೆ ರಜ ಹಾಕಿದೀನಿ. ನಮ್ಮಮ್ಮ ಈಗ್ಲೇ ಸೀರೆ ತೆಗೆದಿಟ್ಕೊಂಡಿದಾಳೆ," ಎಂದ. ಬಾಯಿ ತೆರೆದವರು ಒಂದು ಬ್ರೆಡ್ಡು ಕೊಂಡು ಹಿಂದಿರುಗಿದರು. ಹೆಡ್‌ಮಾಸ್ತರು ಬೇರೆ ಊರಿನ ಕಣ್ಣಾಸ್ಪತ್ರೆಯಲ್ಲಿ ಗೊತ್ತು ಮಾಡಿದ್ದ ದಿನವನ್ನೇ ಬಿಟ್ಟುಕೊಟ್ಟಿದ್ದರು. ಅವರಿಗೆ ಹೇಳುವುದಿರಲಿ, ಗೇಟಿನ ಬಳಿ ನಿಲ್ಲುವ ಧೈರ್ಯವೂ ಬರಲಿಲ್ಲ. ಕಣ್ಣಿನ ಡಾಕ್ಟರ ಕ್ಲಿನಿಕ್ಕಿಗೆ ಓಡಿದರು. ಆ ಡಾಕ್ಟರು, ಪೂರ್ತಿ ಡಾಕ್ಟರು, ಎಲ್ಲವನ್ನೂ ಕೇಳಿ, "ಹೊಳೆ ದಡದಲ್ಲಿ ಕೂತು ಕಣ್ಣು ನೋಡೋಕೆ ನಂಗೇನು ತಲೆ ಕೆಟ್ಟಿದೆಯೇನ್ರೀ? ಅಕ್ಕನ್ನ ಇಲ್ಲಿಗೆ ಕರ್ಕೊಂಡು ಬನ್ನಿ, ಆಪರೇಷನ್ ಮಾಡೋಣ," ಎಂದು ಕಳಿಸಿದರು.

ಉಳಿದದ್ದು ಪುರಸಭೆ. ಬೀಗ ಹಾಕುತ್ತಿದ್ದ ಗುಮಾಸ್ತನನ್ನು ಮೆಟ್ಟಿಲ ಮೇಲೆ ಹಿಡಿದರು. "ನಂಗೆ ಮೈ ಸರಿ ಇಲ್ಲ ಕಣಯ್ಯ. ಅಧ್ಯಕ್ಷತೆ ಬೇರೆ ಯಾರಿಗಾದ್ರೂ ಕೊಡು. ಶಿಬಿರ ಮುಂದೂಡು."

"ಮುಂದೂಡೋದಾ? ಸಾರ್, ನಾಳೆ ಜನ ಸೇರ್ಲಿಲ್ಲ ಅಂದ್ರೆ ಈ ಬಡಾವಣೆಯೋರಿಗೆ ಹೊಳೆ ಬೇಡ ಅಂತ ಬರ್ಕೋತಾರೆ. ಯೋಜನೆ ಬೇರೆ ಕಡೆ ಹೋಗುತ್ತೆ. ಇದರ ಮೇಲೆ ಚಪ್ಪಡಿ ಎಳೆದು ಮುಚ್ಚಿಬಿಡ್ತಾರೆ, ಅಷ್ಟೇ. ಆಮೇಲೆ ಮಳೆ ಬಂದ್ರೆ ಕೆಳಗಿನ ಓಣಿ ಮುಳುಗಿದ ಹಾಗೇ." ಗುಮಾಸ್ತನ ಮುಖ ಚಿಕ್ಕದಾಯಿತು. "ಜನ ಬರ್ತಾರೆ ತಾನೇ ಸಾರ್?"

"ಬರ್ತಾರೆ," ಎಂದರು ಅರ್ಧ ಡಾಕ್ಟರು. "ಬಂದೇ ಬರ್ತಾರೆ. ಅದೇ ಕಷ್ಟ ಆಗಿರೋದು."

ಶನಿವಾರ ಬೆಳಿಗ್ಗೆ ಹೊಳೆಯ ದಡದಲ್ಲಿ ಶಾಮಿಯಾನ ಎದ್ದಿತ್ತು. ಹೊಳೆ ಎಂದು ಕರೆಯುವುದು ಅದರ ಹಳೆಯ ಮರ್ಯಾದೆಗೆ; ಕಣ್ಣೆದುರಿಗೆ ಇದ್ದದ್ದು ಕಳೆ ಗಿಡ, ಪ್ಲಾಸ್ಟಿಕ್ಕು, ಹರಿದ ಹಾಸಿಗೆಗಳು, ಯಾರದೋ ಮನೆಯ ಮುರಿದ ಕಮೋಡು, ಅವುಗಳ ನಡುವೆ ಅಲ್ಲಲ್ಲಿ ನಿಂತ ಕಪ್ಪು ನೀರು. ಅರ್ಧ ಡಾಕ್ಟರು ಎಲ್ಲರಿಗಿಂತ ಮುಂಚೆ ಬಂದು ಅಂಗಡಿಯ ಅಕ್ಷರದ ಚಾರ್ಟನ್ನು ಒಂದು ಮರಕ್ಕೆ ಕಟ್ಟಿದ್ದರು. ಏನಿಲ್ಲವೆಂದರೂ ಅಕ್ಷರ ಓದಿಸಿ ಕಳಿಸಬಹುದು ಎಂಬುದು ಅವರ ಲೆಕ್ಕ. ಪುರಸಭೆಯವರಿಗೆ ಅದೊಂದು ಸಾಕ್ಷರತೆ ಕಾರ್ಯಕ್ರಮ ಎಂದು ಹೇಳುವುದು. ಬೀದಿಯವರಿಗೆ ಪುರಸಭೆಯವರು ಸುಮ್ಮನೆ ಹೊಳೆ ನೋಡಲು ಬಂದಿದ್ದಾರೆ ಎಂದು ಹೇಳುವುದು. ಎರಡು ಗುಂಪೂ ಒಂದರೊಡನೊಂದು ಮಾತಾಡದಂತೆ ನಡುವೆ ತಾವು ನಿಲ್ಲುವುದು. ಯೋಚನೆ ಕೆಟ್ಟದ್ದೇನಲ್ಲ. ನಡುವೆ ನಿಲ್ಲುವವರು ಮಾತ್ರ ಆಗಲೇ ಮೂರು ಸಲ ಜಾಗ ಬದಲಿಸಿದ್ದರು.

ಮೇಲಿನ ಬೀದಿ ಇಳಿದು ಬಂತು. ಕೆಲವರು ಮೂಗಿಗೆ ಕರವಸ್ತ್ರ, ಕೆಲವರು ಕಣ್ಣಿಗೆ. ಗುಮಾಸ್ತ ಸಾಲಾಗಿ ಬಂದವರ ಕೈಗೆ ಗುದ್ದಲಿ ಕೊಡತೊಡಗಿದ.

"ಇದು ಯಾತಕ್ಕೆ?" ಎಂದರು ಹೆಡ್‌ಮಾಸ್ತರು, ಪಿಕಾಸಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ.

ಅರ್ಧ ಡಾಕ್ಟರು ಹಾರಿ ಬಂದರು. "ಅದು ವ್ಯಾಯಾಮಕ್ಕೆ ಸಾರ್! ಕಣ್ಣಿಗೆ ರಕ್ತ ಓಡಾಡ್ಬೇಕಲ್ಲ. ಹೊಸ ವಿಧಾನ. ಸುಮ್ನೆ ಹಿಡ್ಕೊಂಡಿರಿ, ಎತ್ತೋದೇನೂ ಬೇಡ."

ಅಷ್ಟರಲ್ಲಿ ಜೀಪು ಬಂದೇ ಬಿಟ್ಟಿತು. ಎಂಜಿನಿಯರ್ ಮೇಡಂ ಬೂಟು ಹಾಕಿಕೊಂಡೇ ಇಳಿದರು. ತುಂಬಿದ ಶಾಮಿಯಾನ, ಎಲ್ಲರ ಕೈಯಲ್ಲೂ ಗುದ್ದಲಿ ನೋಡಿ ಅವರ ಮುಖ ಅರಳಿತು. "ಅಧ್ಯಕ್ಷರೇ, ಇಷ್ಟು ಜನಾನ ನಾನು ಎಲ್ಲೂ ಕಂಡಿಲ್ಲ. ವಯಸ್ಸಾದವರೂ ಬಂದಿದ್ದಾರಲ್ಲ!"

"ವಯಸ್ಸಾದವರೇ ಜಾಸ್ತಿ," ಎಂದರು ಅರ್ಧ ಡಾಕ್ಟರು. ಬೆವರು ಸಾದಾ ಗಾಜಿನ ಮೇಲೆ ಇಳಿದು ನಿಜವಾಗಿಯೂ ಕಣ್ಣು ಮಂಜಾಗಿತ್ತು. "ಮೇಡಂ, ಭಾಷಣ ಬೇಡ. ಇವರಿಗೆ ಬಿಸಿಲು ಆಗಲ್ಲ."

"ಎರಡೇ ಮಾತು," ಎಂದು ಮೇಡಂ ಮೈಕು ಹಿಡಿದರು.

"ನಿಮಗೆಲ್ಲ ಗೊತ್ತಿರೋ ಹಾಗೆ ಪರಿಸ್ಥಿತಿ ಕೈ ಮೀರಿದೆ. ಒಳಗೆಲ್ಲ ಹೂಳು ತುಂಬಿಹೋಗಿದೆ. ಅದಕ್ಕೇ ನೀರು ಹರಿಯೋ ಕಡೆ ಹರಿಯದೆ ಹೊರಕ್ಕೆ ಸುರೀತಾ ಇದೆ."

"ನಿಜ, ನಿಜ," ಎಂದು ಬೇಕರಿಯವನ ತಾಯಿ ಕಣ್ಣೊರೆಸಿಕೊಂಡರು.

"ಮೇಲೆ ಮೇಲೆ ಔಷಧಿ ಬಿಟ್ರೆ ಪ್ರಯೋಜನ ಇಲ್ಲ."

"ನಾನು ಹೇಳಿರ್ಲಿಲ್ವಾ, ಡ್ರಾಪ್ಸ್ ಎಲ್ಲ ದಂಡ ಅಂತ," ಎಂದು ಹೆಡ್‌ಮಾಸ್ತರು ಪಕ್ಕದವರಿಗೆ ಪಿಸುಗುಟ್ಟಿದರು.

"ಇದಕ್ಕೆ ಒಂದೇ ದಾರಿ. ಅಗೀಬೇಕು. ಪೂರ್ತಿ ಆಳಕ್ಕೆ ಅಗೆದು ಒಳಗಿರೋದನ್ನೆಲ್ಲ ಹೊರಗೆ ಎತ್ತಿ ಹಾಕ್ಬೇಕು."

ಜನ ತಮ್ಮ ಕೈಯಲ್ಲಿದ್ದ ಗುದ್ದಲಿಗಳನ್ನು ನೋಡಿಕೊಂಡರು. ಅರ್ಧ ಡಾಕ್ಟರು ವೇದಿಕೆಯ ಪಕ್ಕದಿಂದ ಎರಡೂ ಕೈ ಆಡಿಸಿ, ಏನೂ ಇಲ್ಲ, ಏನೂ ಇಲ್ಲ ಎಂದು ಸನ್ನೆ ಮಾಡಿದರು. ಅದು ಮೇಡಂಗೆ ಚಪ್ಪಾಳೆಯಂತೆ ಕಂಡಿತು.

"ಮೊದಲು ಕೈಯಲ್ಲೇ ಶುರು ಮಾಡೋಣ. ಕೈಗೆ ಬರದೇ ಇದ್ರೆ ಜೆಸಿಬಿ ತರಿಸ್ತೀವಿ."

"ಅಯ್ಯಯ್ಯೋ!" ಎಂದಿತು ಹಿಂದಿನ ಸಾಲು.

"ಅಂಚಿಗೆಲ್ಲ ಕಲ್ಲು ಕಟ್ಟಿ, ಎರಡೂ ಕಡೆ ಗಿಡ ನೆಡ್ತೀವಿ. ಬೇರು ಗಟ್ಟಿಯಾಗಿ ಇಳಿದ್ರೆ ಮುಗೀತು, ಮತ್ತೆ ತೊಂದರೆ ಇಲ್ಲ. ಭಯ ಪಡ್ಬೇಡಿ. ಪಕ್ಕದ ಬಡಾವಣೇಲಿ ಹೋದ ವರ್ಷ ಹೀಗೇ ಮಾಡಿದ್ವಿ. ಈಗ ಹೋಗಿ ನೋಡಿ, ಒಳಗೆ ಮೀನು ಓಡಾಡ್ತಾ ಇವೆ!"

ಬೇಕರಿಯವನ ತಾಯಿ ಎದ್ದರು. "ನಂಗೇನೂ ಆಗಿಲ್ಲ ಕಣಪ್ಪ. ಎಲ್ಲಾ ಚೆನ್ನಾಗಿ ಕಾಣ್ತಿದೆ. ಮನೆಗೆ ಹೋಗೋಣ ನಡಿ," ಎಂದು ಮಗನ ಬದಲು ಶಾಮಿಯಾನದ ಕಂಬವನ್ನು ಹಿಡಿದು ಜಗ್ಗತೊಡಗಿದರು. ಅವರ ಹಿಂದೆ ಇಡೀ ಸಾಲು ಎದ್ದಿತು. ಬೇಕರಿಯವನು ಮಾತ್ರ ನೇರ ಮೇಡಂ ಮುಂದೆ ಹೋಗಿ ನಿಂತ. ನಡುವೆ ನಿಲ್ಲಬೇಕಾದವರು ನಡುವೆ ನುಗ್ಗುವಷ್ಟರಲ್ಲಿ ಮಾತು ಆಡಿಯಾಗಿತ್ತು.

"ಮೇಡಂ, ನಮ್ಮಮ್ಮನಿಗೆ ಒಂದೇ ಕಣ್ಣಲ್ಲಿ ಪೊರೆ. ಅದಕ್ಕೂ ಜೆಸಿಬಿ ಬೇಕಾ?"

"ಯಾವ ಕಣ್ಣು?" ಎಂದರು ಮೇಡಂ.

"ಎಡಗಣ್ಣು."

"ಅಲ್ಲಪ್ಪ, ಹೊಳೆ ಶಿಬಿರಕ್ಕೂ ಕಣ್ಣಿಗೂ ಏನು ಸಂಬಂಧ?"

"ಹೊಳೆ ಶಿಬಿರನಾ? ಇದು ಕಣ್ಣಿನ ಶಿಬಿರ ಅಲ್ವಾ?"

ಎಲ್ಲರ ಕಣ್ಣೂ, ಮಸುಕಾದವು, ನೀರೂರಿದವು, ಪೊರೆ ಬಂದವು, ಎಲ್ಲವೂ ತಪ್ಪದೆ ಅರ್ಧ ಡಾಕ್ಟರ ಮೇಲೆ ಬಂದು ನಿಂತವು. ಅವರು ಕನ್ನಡಕ ಒರೆಸಲು ಹೋಗಿ ಕೈಜಾರಿ ಕೆಸರಿಗೆ ಬೀಳಿಸಿಕೊಂಡರು.

"ಅದು... ಜಲ ಅಂದ್ರೆ ನೀರು," ಎಂದು ಶುರುಮಾಡಿದರು. "ನಯನ ಅಂದ್ರೆ..." ಮುಂದೆ ಹೋಗಲಿಲ್ಲ. ನಂತರ ಆ ಬೀದಿ ಹಿಂದೆಂದೂ ಕೇಳಿರದ ಮಾತು ಕೇಳಿಸಿತು. "ನಂಗೆ ಗೊತ್ತಿರ್ಲಿಲ್ಲ."

ಬೇಕರಿಯವನು, "ನಮ್ಮ ಕಣ್ಣಿಗೆ ಮಣ್ಣೆರಚಿಬಿಟ್ರಲ್ಲ ಡಾಕ್ಟ್ರೇ! ಒಂದು ದಿನದ ವ್ಯಾಪಾರ ಹೋಯ್ತು," ಎಂದು ತಲೆ ಚಚ್ಚಿಕೊಂಡ. ಹೆಡ್‌ಮಾಸ್ತರು ಪಿಕಾಸಿ ಎತ್ತಿ ಹಿಡಿದು ಗುಡುಗಿದರು. "ಜಲ, ಆನಯನ! ಸವರ್ಣದೀರ್ಘ ಸಂಧಿ! ಅಷ್ಟು ಬಿಡಿಸೋಕೆ ಬರಲ್ವೇನಯ್ಯಾ ನಿಂಗೆ?"

"ನಿಮಗೆ ಬರ್ತಿತ್ತಲ್ಲ ಸಾರ್," ಎಂದಳು ಅರ್ಧ ಡಾಕ್ಟರ ಹೆಂಡತಿ ಹಿಂದಿನಿಂದ. "ನೀವ್ಯಾಕೆ ಎಡಗಣ್ಣು ಹಿಡ್ಕೊಂಡು ಬಂದ್ರಿ?" ಹೆಡ್‌ಮಾಸ್ತರಿಗೆ ಕೆಮ್ಮು ಬಂತು.

ಜನ ಗುದ್ದಲಿಗಳನ್ನು ರಾಶಿ ಹಾಕಿ ದಿಬ್ಬ ಹತ್ತತೊಡಗಿದರು. ಮೇಡಂ ಮೈಕು ಕೆಳಗಿಟ್ಟು, "ಇರಲಿ ಬಿಡಿ, ಬಲವಂತ ಮಾಡೋಕಾಗಲ್ಲ," ಎಂದು ಜೀಪಿನ ಕಡೆ ನಡೆದರು. ಗುಮಾಸ್ತ ಅಳುವ ಹಾಗಿದ್ದ. ಅರ್ಧ ಡಾಕ್ಟರಿಗೆ ಇದಾವುದೂ ಕಾಣಲಿಲ್ಲ. ದಡದ ತುದಿಯಲ್ಲಿ, ತನ್ನ ಹಿತ್ತಲ ಬಾಗಿಲಿಗೆ ಒರಗಿ ನಿಂತ ಅಕ್ಕನ ಬಳಿ ಹೋಗಿ ಅಪರಾಧಿಯಂತೆ ನಿಂತರು.

"ತಪ್ಪಾಯ್ತು ಅಕ್ಕ. ಡಾಕ್ಟರಿಲ್ಲ. ಕಣ್ಣಿನ ಶಿಬಿರ ಅಲ್ಲ ಇದು. ಆದ್ರೂ ನೀನು ಆಣೆ ಹಾಕಿದೀಯ, ನೋಡು, ಮರಕ್ಕೆ ಚಾರ್ಟ್ ಕಟ್ಟಿದೀನಿ, ಮೇಲಿನ ದೊಡ್ಡ ಅಕ್ಷರ ಒಂದು ಓದಿಬಿಡು."

"ಯಾವ ಮರ?" ಎಂದಳು ಅಕ್ಕ.

ಮರ ಅವರಿಬ್ಬರ ಎದುರಿಗೇ ಇತ್ತು.

ಕಣ್ಣು ಇಷ್ಟು ಹೋಗಿದೆ ಎಂದು ಅರ್ಧ ಡಾಕ್ಟರಿಗೆ ತಿಳಿದಿರಲಿಲ್ಲ. ಅಕ್ಕನ ಕೈ ಹಿಡಿದುಕೊಂಡರು.

"ಜಲಾನಯನ ಅಂದ್ರೆ ಹೊಳೆ ಅಂತ ನಂಗೆ ಗೊತ್ತಿಲ್ವೇನೋ?" ಎಂದಳು ಅಕ್ಕ. "ಪುರಸಭೆಯೋರು ಇದಕ್ಕೆ ಮೊದಲ ಮೀಟಿಂಗ್ ಮಾಡಿದ್ದೇ ನಮ್ಮ ಓಣಿಯಲ್ಲಿ. ನೀನು ಹೊಳೆ ಉಳಿಸೋಕೆ ನಿಂತಿದೀಯ ಅಂದ್ಕೊಂಡೆ, ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಅದಾದ್ರೆ ಕಣ್ಣು ತೋರಿಸ್ಕೋತೀನಿ ಅಂದಿದ್ದೂ ಅದಕ್ಕೇ."

"ಹೊಳೆಗೂ ನಿನ್ನ ಕಣ್ಣಿಗೂ ಏನಕ್ಕ ಸಂಬಂಧ?"

"ಆಪರೇಷನ್ ಆದ್ರೆ ಬಗ್ಗಬಾರ್ದು, ಭಾರ ಎತ್ತಬಾರ್ದು, ಕೊಳೆ ನೀರು ಕಣ್ಣಿಗೆ ಸಿಡೀಬಾರ್ದು ಅಂತಾರಲ್ಲೋ? ಮೇಲಿನ ಬೀದಿ ಕಸ ಎಲ್ಲ ಇಲ್ಲಿಗೆ ಬಂದು ಹೊಳೆ ಕಟ್ಕೊಂಡಿದೆ. ಒಂದು ಮಳೆ ಬಂದ್ರೆ ಒಳಗೆ ಮೊಣಕಾಲುದ್ದ ನೀರು. ಯಂತ್ರ ಎತ್ತಿ ಬೆಂಚಿನ ಮೇಲೆ ಇಡೋದು ನಾನು, ನೀರು ಎತ್ತಿ ಹಾಕೋದೂ ನಾನು. ಕಣ್ಣಿಗೆ ಪಟ್ಟಿ ಕಟ್ಕೊಂಡು ಅದೆಲ್ಲ ಹೇಗೆ ಮಾಡ್ಲಿ? ಅದಕ್ಕೇ ಈ ಮಳೆ ಕಳೀಲಿ, ಮುಂದಿನ ಮಳೆ ಕಳೀಲಿ ಅಂತ ಕಾದೆ. ಅಷ್ಟರಲ್ಲಿ ಹೀಗಾಯ್ತು."

"ನಮ್ಮನೆಗೆ ಬಾ ಅಂದ್ರೆ ಬರಲ್ಲ ನೀನು!"

"ನಾನು ಬರ್ತೀನಿ. ಓಣಿ ಬರುತ್ತೇನೋ?"

ಅರ್ಧ ಡಾಕ್ಟರು ದಿಬ್ಬದ ಕಡೆ ತಿರುಗಿದರು. ಜನ ಅರ್ಧ ದಾರಿ ಹತ್ತಿಯಾಗಿತ್ತು. ಜೀಪು ಗುರುಗುಡುತ್ತಿತ್ತು. ಅವರು ಓಡಿದರು. ಬಿಳಿ ಕೋಟು ಮುಳ್ಳಿಗೆ ಸಿಕ್ಕಿ ಪರ್ರೆಂದಿತು, ನಿಲ್ಲಲಿಲ್ಲ. ದಿಬ್ಬದ ಮೇಲೆ ಎರಡೂ ಕೈ ಅಗಲಿಸಿ ಅಡ್ಡ ನಿಂತರು.

"ಯಾರೂ ಹೋಗೋ ಹಾಗಿಲ್ಲ! ನನ್ನ ಬೈಯ್ರಿ, ಹೊಡೀರಿ, ಬೋರ್ಡು ಕಿತ್ತುಹಾಕ್ತೀನಿ, ಆದ್ರೆ ಹೋಗಬೇಡ್ರಪ್ಪ! ಈ ಹೊಳೆ ಬಿಡಿಸ್ಲಿಲ್ಲ ಅಂದ್ರೆ ನಮ್ಮಕ್ಕನ ಕಣ್ಣು ಹೋಗುತ್ತೆ. ಹೋಗೇ ಬಿಡುತ್ತೆ ಕಣ್ರೋ!" ಎಂದು ಮುಂದೆ ಹೇಳಲಾಗದೆ ಭೋರೆಂದು ಅತ್ತುಬಿಟ್ಟರು.

ಜನ ನಿಂತರು. ಇದಕ್ಕೆ ಹಿಂದೆ ಅರ್ಧ ಡಾಕ್ಟರು ಹೇಳಿದ ಯಾವ ಮಾತನ್ನೂ ಅವರು ಪೂರ್ತಿ ನಂಬಿರಲಿಲ್ಲ. ಹೆಡ್‌ಮಾಸ್ತರು ತಮ್ಮ ಅಂಗಿಯ ತೋಳುಗಳನ್ನು ಮುಂದೆ ಚಾಚಿ ನೋಡಿಕೊಂಡರು. ಒಂದು ತೋಳು ಎರಡು ಬೆರಳು ಉದ್ದವಿತ್ತು. ಆ ಅಂಗಿ ಹೊಲಿದದ್ದು ಅಕ್ಕನೇ. "ನನ್ನ ಕೈಯೇ ಹೀಗೆ ಅಂದ್ಕೊಂಡಿದ್ದೆ," ಎಂದು ಗೊಣಗಿ, ಉದ್ದದ ತೋಳನ್ನು ಮೇಲೆ ಮಡಚಿದರು. ಗಿಡ್ಡ ತೋಳನ್ನೂ ಮಡಚಿದರು. ಹೋಗಿ ರಾಶಿಯಿಂದ ತಮ್ಮ ಪಿಕಾಸಿ ಎಳೆದುಕೊಂಡರು.

"ಆ ಹಾಸಿಗೆ ನಮ್ಮದೇ," ಎಂದ ಬೇಕರಿಯವನು ಹೊಳೆಯ ಕಡೆ ನೋಡಿ, ತಲೆ ಕೆರೆದುಕೊಳ್ಳುತ್ತಾ. "ಮಳೇಲಿ ಎಲ್ಲಿಗೋ ಹೋಯ್ತು ಅಂದ್ಕೊಂಡಿದ್ವಿ." ಅವನೂ ಇಳಿದ. ಜೀಪು ಆಫ್ ಆಯಿತು.

ಅವತ್ತು ನಡೆದ ಕೆಲಸವನ್ನು ನೋಡಿದ ಮೇಡಂ ಎರಡು ಸಲ ಕಣ್ಣು ಮುಚ್ಚಿಕೊಂಡರು ಎಂಬುದು ಸತ್ಯ. ಸರಿಯಾಗಿ ಕಾಣದವರೇ ತುಂಬಿದ್ದರಿಂದ ಕಳೆಯ ಜೊತೆಗೆ ಮೇಡಂ ಆಗತಾನೇ ನೆಟ್ಟಿದ್ದ ಸಸಿಗಳೂ ಕಿತ್ತು ಬಂದವು. ಕಳೆಯನ್ನು ಬೇಕರಿಯವನ ತಾಯಿ ಬಹಳ ಪ್ರೀತಿಯಿಂದ ದಡದ ಉದ್ದಕ್ಕೂ ನೆಟ್ಟಿದ್ದರು. ಮರುವಾರ ಅದನ್ನೆಲ್ಲ ಅದಲು ಬದಲು ಮಾಡಬೇಕಾಯಿತು. ಆದರೆ ಮರುವಾರ ಜನ ಬಂದರು, ಅದರ ಮರುವಾರವೂ ಬಂದರು. ಬರದಿದ್ದವರ ಮನೆಯ ಮುಂದೆ ಅರ್ಧ ಡಾಕ್ಟರು ಹೋಗಿ ಕೂರುತ್ತಿದ್ದರು. ಮೇಲಿನ ಬೀದಿಯಿಂದ ಯಾರಾದರೂ ಒಂದು ಪ್ಲಾಸ್ಟಿಕ್ ಚೀಲ ಮೋರಿಗೆ ಎಸೆದರೆ ಅಂಗಡಿ ಬಿಟ್ಟು ಹಿಂದೆ ಓಡಿ ಹಿಡಿದು ತಂದು ಎಸೆದವರ ಕೈಗೇ ಕೊಡುತ್ತಿದ್ದರು. ದಿನವಿಡೀ ಆಕಾಶ ನೋಡುವುದೇ ಅವರ ಕೆಲಸವಾಯಿತು.

"ಬೇಗ ಬೇಗ ಅಗೀರಿ! ಅಲ್ನೋಡಿ, ಮೋಡ!"

"ಅದು ನಮ್ಮ ಬೇಕರಿ ಹೊಗೆ ಡಾಕ್ಟ್ರೇ. ಟೀ ಆದ್ರೂ ಕುಡಿಯೋಕೆ ಬಿಡಿ."

ಕೊನೆಗೆ ಒಂದು ಮಧ್ಯಾಹ್ನ, ಮೋರಿ ಬಂದು ಕೂಡುವಲ್ಲಿ ಕಲ್ಲಿನಂತೆ ಕೂತಿದ್ದ ಹೂಳಿನ ಗುಡ್ಡೆಯನ್ನು ಜೆಸಿಬಿ ಒಡೆಯಿತು. ನಿಂತ ನೀರು ಒಂದು ಸಲ ತಡವರಿಸಿ, ಗುಳಗುಳ ಎಂದು ಮುಂದಕ್ಕೆ ಹೊರಟಿತು. ಅಕ್ಕನ ಹಿತ್ತಲ ಗೋಡೆಯ ಬುಡ ಎಷ್ಟೋ ವರ್ಷಗಳ ಮೇಲೆ ಹೊರಗೆ ಕಂಡಿತು. ಅದಾದ ಕೆಲವು ದಿನಕ್ಕೆ ಮೊದಲ ಮಳೆ ಹೊಡೆಯಿತು, ಜೋರಾಗಿಯೇ ಹೊಡೆಯಿತು. ಅರ್ಧ ಡಾಕ್ಟರು ಕೊಡೆ ಮರೆತು ನೆನೆಯುತ್ತಾ ಓಡಿ ಬಂದರೆ, ಅಕ್ಕ ಹೊಸ್ತಿಲ ಮೇಲೆ ಕೂತು ನೆಲವನ್ನು ಕೈಯಿಂದ ಸವರಿ ನೋಡುತ್ತಿದ್ದಳು. ನೆಲ ಒಣಗಿತ್ತು. ಇವರು ಹೊರಗೆ ನಿಂತು ಅಕ್ಕನ ಮುಖವನ್ನೇ ನೋಡಿದರು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೀತಾರೋ ಆಸ್ಪತ್ರೆ?" ಎಂದಳು ಅಕ್ಕ.

ಇಷ್ಟು ಕಾಲ ಯಾವ ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದರೋ ಆ ಮಾತು ಬಂದಮೇಲೆ ಅರ್ಧ ಡಾಕ್ಟರಿಗೇ ಆಸ್ಪತ್ರೆಯ ಹೆದರಿಕೆ ಹತ್ತಿಕೊಂಡಿತು. ಮರುದಿನ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಫಿನಾಯಿಲಿನ ವಾಸನೆಗೆ ಅವರ ಕಾಲು ಎಡವಿತು. ಆಪರೇಷನ್ ಕೋಣೆಯ ಬಾಗಿಲು ತೆರೆದು ನರ್ಸ್ ಅಕ್ಕನ ಹೆಸರು ಕೂಗಿದಳು. ಒಳಗಿನ ತಟ್ಟೆಯಲ್ಲಿ ಏನೋ ಫಳಫಳ ಹೊಳೆದದ್ದು ಕಂಡಿತು.

"ಅಕ್ಕಾ, ಇವತ್ತೇ ಆಗ್ಬೇಕಾ? ನೋವಾದ್ರೆ? ಇನ್ನೊಂದು ಸಲ ಯೋಚನೆ ಮಾಡು."

"ನಡಿಯೋ ಸುಮ್ನೆ."

ಅಕ್ಕನ ಕೈ ಹಿಡಿದು ಬಾಗಿಲ ಕಡೆ ಹೊರಟರು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹೋಗಿ ಗೋಡೆಗೆ ಡಿಕ್ಕಿ ಹೊಡೆದರು. ಅಕ್ಕ ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಕಣ್ಣು ಬಿಟ್ಕೊಂಡು ನಡಿಯೋ," ಎಂದಳು. "ಇಬ್ಬರಲ್ಲಿ ಒಬ್ಬರಿಗಾದ್ರೂ ದಾರಿ ಕಾಣ್ಬೇಕಲ್ಲ."